ಮಿನಿಟ್ಸ್ ಬರೆಯುತ್ತಿದ್ದ ರೋಸ್ ರಾಂಡ್

ಫಿಲಾಸಫಿ ಅಂದ ಕೂಡಲೇ ನಮ್ಮ ಬ್ರಾಂಚಲ್ಲಿ ಎರಡು ರಿಯಾಕ್ಷನ್ ಬರುತ್ತೆ. ಒಂದು, "ಗುರು, ಮೊದ್ಲು ಇಂಟರ್ನಲ್ಸ್ ಮುಗೀಲಿ, ಆಮೇಲೆ ಜೀವನದ ಅರ್ಥ ಹುಡುಕೋಣ." ಇನ್ನೊಂದು, ಗಡ್ಡ ಬಿಟ್ಟ ಮುದುಕ ಒಬ್ಬನೇ ಎಲ್ಲೋ ಕೂತು ಆಕಾಶ ನೋಡ್ತಿರೋ ಚಿತ್ರ. ಮೊದಲನೆಯದರ ಬಗ್ಗೆ ನನಗೆ ತಕರಾರಿಲ್ಲ, ಇಂಟರ್ನಲ್ಸ್ ಮುಗೀಲೇಬೇಕು. ಎರಡನೆಯದು ಮಾತ್ರ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಫಿಲಾಸಫಿಯ ದೊಡ್ಡ ಭಾಗ ನಡೆದಿರೋದು ಒಂದು ರೂಮಲ್ಲಿ, ಹತ್ತು ಹನ್ನೆರಡು ಜನ ಸುತ್ತ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಅರ್ಧಕ್ಕೇ ತಡೆದು ಜಗಳ ಆಡಿದಾಗ. ಅಂಥ ರೂಮಲ್ಲಿ ಇನ್ನೊಬ್ಬರು ಇರ್ತಾರೆ, ಮೂಲೆಯಲ್ಲಿ ಕೂತು ಬರ್ಕೊಳ್ತಾ ಇರೋರು. ಈ ಲೇಖನ ಅವರ ಬಗ್ಗೆ.

ರೂಮು ವಿಯೆನ್ನಾದ್ದು. ಬೋಲ್ಟ್ಸ್‌ಮನ್‌ಗಾಸ್ಸೆ ಅನ್ನೋ ಬೀದಿಯಲ್ಲಿ ಯೂನಿವರ್ಸಿಟಿಯ ಗಣಿತ ವಿಭಾಗದ ಒಂದು ಕೋಣೆ. (ಥರ್ಮೋಡೈನಮಿಕ್ಸ್ ಓದಿದವರಿಗೆ ಬೀದಿಯ ಹೆಸರು ನೋಡಿದ್ರೇ ಎದೆ ಧಸಕ್ಕನ್ನುತ್ತೆ, ಗೊತ್ತು.) 1924ರಿಂದ ಅಲ್ಲಿ ಗುರುವಾರ ಸಂಜೆ ಒಂದು ಗುಂಪು ಸೇರ್ತಿತ್ತು. ಅದಕ್ಕೆ ಆಮೇಲೆ ವಿಯೆನ್ನಾ ಸರ್ಕಲ್ ಅಂತ ಹೆಸರು ಬಂತು. ಯಾರ‍್ಯಾರಿದ್ದರು ನೋಡಿ. ಗುಂಪನ್ನು ಸೇರಿಸಿದ ಮೋರಿಟ್ಸ್ ಶ್ಲಿಕ್ ಪಿಎಚ್.ಡಿ ಮಾಡಿದ್ದು ಫಿಸಿಕ್ಸಲ್ಲಿ, ಅದೂ ಮ್ಯಾಕ್ಸ್ ಪ್ಲಾಂಕ್ ಹತ್ತಿರ. ರುಡಾಲ್ಫ್ ಕಾರ್ನಪ್ ಕೂಡ ಫಿಸಿಕ್ಸ್ ಓದಿದವರು. ಹಾನ್-ಬನಾಖ್ ಪ್ರಮೇಯದ ಹಾನ್ ಇದ್ದರು. ಗ್ರಾಫ್ ಥಿಯರಿಯಲ್ಲಿ ಮೆಂಗರ್ ಪ್ರಮೇಯ ಅಂತ ಬರುತ್ತಲ್ಲ, ಆ ಕಾರ್ಲ್ ಮೆಂಗರ್ ಇದ್ದರು. ಕುರ್ಟ್ ಗೋಡೆಲ್ ಇದ್ದರು, ಆದರೆ ಬಾಯಿ ಬಿಡೋದು ಕಮ್ಮಿ. ಅಂದ್ರೆ ನಮ್ಮ ಸಿಲಬಸ್ಸಿನ ಅಕ್ಕಪಕ್ಕದವರೇ ಅರ್ಧ ಜನ. ಅವರ ಮುಖ್ಯ ಪ್ರಶ್ನೆ ಕೂಡ ನಮ್ಮಂಥವರಿಗೆ ಹತ್ತಿರದ್ದು: ಒಂದು ವಾಕ್ಯಕ್ಕೆ ನಿಜವಾಗಲೂ ಅರ್ಥ ಇದೆಯಾ, ಅಥವಾ ಅರ್ಥ ಇರೋ ಹಾಗೆ ಕೇಳಿಸ್ತಿದೆ ಅಷ್ಟೇನಾ?

1929ರಲ್ಲಿ ಈ ಗುಂಪು ಒಂದು ಪ್ರಣಾಳಿಕೆ ಪ್ರಕಟಿಸಿತು. ಅದರಲ್ಲಿ ಸದಸ್ಯರು ಅಂತ 14 ಹೆಸರಿದೆ. ಅದರಲ್ಲಿ ಹೆಂಗಸರು ಒಬ್ಬರೇ, ಓಲ್ಗಾ ಹಾನ್-ನಾಯ್ರಾಟ್. ಕಣ್ಣು ಕಾಣದಿದ್ದರೂ ಗಣಿತ, ತರ್ಕಶಾಸ್ತ್ರದಲ್ಲಿ ಕೆಲಸ ಮಾಡಿದವರು. ಅವರ ಬಗ್ಗೆ ಬೇರೆ ಲೇಖನವನ್ನೇ ಬರೀಬೇಕು. ರೋಸ್ ರಾಂಡ್ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ 1930ರ ದಶಕದ ಮೊದಲ ವರ್ಷಗಳಲ್ಲಿ ಆ ರೂಮಲ್ಲಿ ಯಾರು ಏನು ಹೇಳಿದರು ಅಂತ ಇವತ್ತು ನಮಗೆ ಗೊತ್ತಿದ್ದರೆ, ಅದರ ಬಹುಪಾಲು ರಾಂಡ್ ಕೂತು ಬರೆದದ್ದರಿಂದ.

ರಾಂಡ್ ಹುಟ್ಟಿದ್ದು 1903ರಲ್ಲಿ, ಲೆಂಬರ್ಗ್‌ನಲ್ಲಿ. ಇವತ್ತು ಆ ಊರು ಯುಕ್ರೇನಿನ ಲ್ವಿವ್. ಯಹೂದಿ ಕುಟುಂಬ. ವಿಯೆನ್ನಾಕ್ಕೆ ಬಂದು 1924ರಲ್ಲಿ ಯೂನಿವರ್ಸಿಟಿ ಸೇರಿದರು. ಕೈಯಲ್ಲಿ ದುಡ್ಡಿಲ್ಲ. ಟ್ಯೂಷನ್ ಹೇಳಿದರು, ಪೋಲಿಷ್ ಭಾಷೆಯಿಂದ ತರ್ಕಶಾಸ್ತ್ರದ ಬರಹಗಳನ್ನು ಅನುವಾದ ಮಾಡಿದರು, ಮನೋವೈದ್ಯಕೀಯ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದರು. ಅದರ ನಡುವೆ ಗುರುವಾರದ ಸಭೆ, ಅದರ ನಡಾವಳಿ. ನಡಾವಳಿ ಅನ್ನೋ ಪದ ನಾನು ಕಲಿತದ್ದು ಅಮ್ಮನ ಆಫೀಸಿನ ಫೈಲಿಂದ. ಹತ್ತನೇ ಕ್ಲಾಸ್ ತನಕ ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದ ನನ್ನಂಥವರಿಗೆ ಒಳ್ಳೇ ಕನ್ನಡ ಸಿಗೋದು ಹೀಗೆ, ಸರ್ಕಾರಿ ಫೈಲಲ್ಲಿ, ಬಸ್ಸಿನ ಬೋರ್ಡಲ್ಲಿ. ಸುಂದರವಾದ ಪದ, ನಡೆದದ್ದರ ಆವಳಿ. ಆದರೆ ಕ್ಯಾಂಪಸ್ಸಲ್ಲಿ ಎಲ್ಲರೂ ಮಿನಿಟ್ಸ್ ಅಂತಾರೆ, ನಾನೂ ಹಾಗೇ ಬರೀತೀನಿ.

ಮಿನಿಟ್ಸ್ ಅಂದ್ರೆ ಸ್ಟೆನೋ ಕೆಲಸ, ಕಿವಿಗೆ ಬಿದ್ದದ್ದನ್ನ ಕೈಗೆ ಇಳಿಸೋದು ಅಂತ ಅಂದ್ಕೊಂಡವರು ಒಂದು ಸಲ ಬರೆದು ನೋಡಬೇಕು. ಇಬ್ಬರು ಒಟ್ಟಿಗೆ ಮಾತಾಡ್ತಿರ್ತಾರೆ. ಒಬ್ಬ ವಾಕ್ಯ ಮುಗಿಸೋದೇ ಇಲ್ಲ. ಇನ್ನೊಬ್ಬ ಹತ್ತು ನಿಮಿಷದ ಹಿಂದೆ ವಿರೋಧಿಸಿದ್ದನ್ನೇ ಈಗ ತನ್ನದು ಅಂತ ಹೇಳ್ತಾನೆ. ಇದರಲ್ಲಿ ಯಾವುದು ವಾದ, ಯಾವುದು ಗೊಣಗಾಟ ಅಂತ ಆ ಕ್ಷಣದಲ್ಲೇ ತೀರ್ಮಾನ ಮಾಡ್ಬೇಕು. ತೀರ್ಮಾನ ಮಾಡ್ಬೇಕು ಅಂದ್ರೆ ವಿಷಯ ಗೊತ್ತಿರಬೇಕು. ಕಾರ್ನಪ್ಪೂ ಹಾನೂ ವಾದ ಮಾಡೋದನ್ನ ಬರ್ಕೊಳ್ಳೋಕೆ, ಅವರಿಬ್ಬರ ಜೊತೆಗೂ ವಾದ ಮಾಡೋಕೆ ಎಷ್ಟು ತಿಳಿದಿರಬೇಕೋ ಹೆಚ್ಚುಕಮ್ಮಿ ಅಷ್ಟು ತಿಳಿದಿರಬೇಕು.

ರಾಂಡ್ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. 1932ರ ನವೆಂಬರಿಂದ 1933ರ ಮಾರ್ಚ್ ಒಳಗೆ ಅವರೊಂದು ಕೋಷ್ಟಕ ತಯಾರು ಮಾಡಿದರು. ಒಂದು ಕಡೆ ಸರ್ಕಲ್ಲು ಚರ್ಚೆ ಮಾಡಿದ ಹೇಳಿಕೆಗಳು, ಇನ್ನೊಂದು ಕಡೆ ಶ್ಲಿಕ್, ಕಾರ್ನಪ್, ನಾಯ್ರಾಟ್, ಹಾನ್ ಮುಂತಾದವರ ಹೆಸರು. ಯಾರು ಯಾವ ಹೇಳಿಕೆಗೆ ಏನಂತಾರೆ ಅನ್ನೋದು ಬಣ್ಣದಲ್ಲಿ. ನೀಲಿ ಅಂದ್ರೆ ಹೌದು. ಕೆಂಪು ಅಂದ್ರೆ ಅಲ್ಲ. ಹಸಿರು ಅಂದ್ರೆ ಈ ಹೇಳಿಕೆಗೆ ಅರ್ಥವೇ ಇಲ್ಲ.

ಆ ಹಸಿರನ್ನ ಸ್ವಲ್ಪ ಹೊತ್ತು ಯೋಚನೆ ಮಾಡಿ. ನಾವು ಕಲಿತದ್ದೆಲ್ಲಾ ಎರಡು ಬಣ್ಣದಲ್ಲಿ. ಟ್ರೂ, ಫಾಲ್ಸ್. ಒಂದು, ಸೊನ್ನೆ. ಕಾಲೇಜ್ ಡಿಬೇಟಲ್ಲೂ ಅಷ್ಟೇ, ಪರ, ವಿರೋಧ. "ತಂತ್ರಜ್ಞಾನ ಮನುಷ್ಯನ ಮಿತ್ರನೋ ಶತ್ರುವೋ" ಅಂತ ವಿಷಯ ಕೊಡ್ತಾರೆ. ಯಾವ ತಂತ್ರಜ್ಞಾನ? ಯಾವ ಮನುಷ್ಯ? ಮಿತ್ರ ಅಂದ್ರೆ ಏನು ಆಗಬೇಕು? ಪೇಸ್‌ಮೇಕರೂ ತಂತ್ರಜ್ಞಾನ, ಕಣ್ಣೀರು ಗ್ಯಾಸ್ ಶೆಲ್ಲೂ ತಂತ್ರಜ್ಞಾನ. ಇಂಥ ವಿಷಯಕ್ಕೆ ನೀಲಿಯೂ ಬೇಡ ಕೆಂಪೂ ಬೇಡ, "ಸರ್, ಇದು ಹಸಿರು" ಅಂತ ಹೇಳಿ ಕೂರೋ ಹಕ್ಕು ಇರಬೇಕಿತ್ತು. "ಕನ್ನಡದಲ್ಲಿ ವಿಜ್ಞಾನ ಹೇಳೋಕಾಗಲ್ಲ" ಅನ್ನೋದು ಇನ್ನೊಂದು. ಯಾವ ತರಗತಿಗೆ, ಯಾರಿಗೆ, ಎಷ್ಟು ಅಂತ ಹೇಳದೇ ಇದ್ದರೆ ಅದನ್ನ ಒಪ್ಪೋಕೂ ಆಗಲ್ಲ, ಅಲ್ಲಗಳೆಯೋಕೂ ಆಗಲ್ಲ. ಆದರೂ ನಮ್ಮ ಕ್ಲಬ್ಬಲ್ಲಿ ಅದರ ಮೇಲೆ ಎಷ್ಟು ಸಂಜೆ ಕಳೆದಿದೆ ಲೆಕ್ಕ ಹಾಕಿ.

ಹಸಿರಿಗೂ ಅಪಾಯ ಇದೆ, ಅದನ್ನೂ ಹೇಳ್ಬೇಕು. ನಮಗೆ ಬೇಡವಾದದ್ದಕ್ಕೆಲ್ಲ "ಅರ್ಥವಿಲ್ಲ" ಅಂದುಬಿಡೋದು ಬಹಳ ಸುಲಭ. ಸರ್ಕಲ್ಲಿನವರಿಗೇ ಈ ಚಟ ಇತ್ತು. ವಿಟ್ಗೆನ್‌ಸ್ಟೈನ್ ಪುಸ್ತಕವನ್ನ ಅವರು ಕೂತು ಸಾಲು ಸಾಲು ಓದೋವಾಗ ಓಟ್ಟೋ ನಾಯ್ರಾಟ್ ಮಾತುಮಾತಿಗೂ "ಮೆಟಾಫಿಸಿಕ್ಸ್!" ಅಂತ ತಡೀತಿದ್ದರಂತೆ. ಅವರ ಬಾಯಲ್ಲಿ ಅದು ಬೈಗುಳ, ಹಸಿರು ಅಂದ ಹಾಗೇ. ಇದು ಅತಿಯಾದಾಗ, ಪೂರ್ತಿ ಪದ ಬೇಡ, ಬರೀ "ಎಂ" ಅಂದ್ರೆ ಸಾಕು ಅಂತ ಸಲಹೆ ಬಂತು. ಅದಕ್ಕೆ ನಾಯ್ರಾಟ್, ಹಾಗಾದ್ರೆ ಮೆಟಾಫಿಸಿಕ್ಸ್ ಅಲ್ಲದೇ ಇದ್ದಾಗ ಮಾತ್ರ "ನಾಟ್ ಎಂ" ಅಂತೀನಿ, ಇನ್ನೂ ಕಮ್ಮಿ ಮಾತಾಡಿದ್ರೆ ಸಾಕಾಗುತ್ತೆ ಅಂದರಂತೆ. ಲ್ಯಾಸ್ಟ್ ಬೆಂಚಿನ ಜಾಣರು ಎಲ್ಲಾ ಕಾಲದಲ್ಲೂ ಒಂದೇ ಥರ.

ರಾಂಡ್ ಅವರ ಕೋಷ್ಟಕ ಆ ಗದ್ದಲಕ್ಕೆ ಒಂದು ಲೆಕ್ಕ ಕೊಟ್ಟಿತು. ವಿಯೆನ್ನಾ ಸರ್ಕಲ್ ಅಂದ್ರೆ ಎಲ್ಲರೂ ಒಂದೇ ಮಾತು ಹೇಳೋ ಪಂಥ ಅಂತ ಹೊರಗಿನವರು ಅಂದ್ಕೊಳ್ಳೋದು ಸಾಮಾನ್ಯ. ಬಣ್ಣ ನೋಡಿದ್ರೆ ಹಾಗಿಲ್ಲ. ಒಬ್ಬರ ನೀಲಿ ಜಾಗದಲ್ಲಿ ಇನ್ನೊಬ್ಬರದು ಹಸಿರು. ಒಬ್ಬೊಬ್ಬರೂ ಎಲ್ಲಿ ನಿಂತಿದ್ದಾರೆ ಅಂತ ಕೂಡಿಸಿ ನೋಡೋಕೆ ಆಗೋದು, ಎಲ್ಲರ ಮಾತನ್ನೂ ಒಂದೇ ಗಮನದಲ್ಲಿ ಕೇಳಿಸ್ಕೊಂಡವರಿಗೆ ಮಾತ್ರ. ಮಾತಾಡೋರು ತಮ್ಮ ಸರದಿಗೆ ಕಾಯ್ತಾ ಇರ್ತಾರೆ, ಅವರಿಗೆ ಅದೆಲ್ಲಾ ಕೇಳಿಸಲ್ಲ.

ಇಲ್ಲಿ "ಪಾಪ, ಬರೀ ಬರ್ಕೊಂಡು ಕೂತಿದ್ದರು" ಅಂತ ಯಾರಾದ್ರೂ ಅಂದ್ರೆ ನನಗೆ ಸಿಟ್ಟು ಬರುತ್ತೆ. ರಾಂಡ್ ಅವರದ್ದೇ ಕೆಲಸ ಇದೆ. 1939ರಲ್ಲಿ ಜರ್ಮನ್ ಭಾಷೆಯಲ್ಲಿ ಅವರೊಂದು ಪ್ರಬಂಧ ಪ್ರಕಟಿಸಿದರು, ಬೇಡಿಕೆ ಮತ್ತು ಆಜ್ಞೆಯ ವಾಕ್ಯಗಳ ತರ್ಕದ ಬಗ್ಗೆ. 1962ರಲ್ಲಿ ಅದು ಇಂಗ್ಲಿಷಲ್ಲೂ ಬಂತು. ಸಮಸ್ಯೆ ಸರಳವಾಗಿ ಹೀಗಿದೆ. ತರ್ಕದಲ್ಲಿ ಒಂದು ವಾಕ್ಯದಿಂದ ಇನ್ನೊಂದಕ್ಕೆ ಹೋಗ್ಬೇಕಾದ್ರೆ ಮೊದಲನೆಯದು ನಿಜ ಆದರೆ ಎರಡನೆಯದೂ ನಿಜ ಅನ್ನೋ ಆಧಾರ ಬೇಕು. ಆದರೆ "ರೂಮಿನ ಲೈಟೆಲ್ಲಾ ಆರಿಸು" ಅನ್ನೋದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಆದರೂ "ಇದು ರೂಮಿನ ಲೈಟು, ಆದ್ದರಿಂದ ಇದನ್ನ ಆರಿಸು" ಅನ್ನೋದು ಅದರಿಂದ ಬರುತ್ತೆ ಅಂತ ವಾರ್ಡನ್‌ಗೂ ಗೊತ್ತು, ನಮಗೂ ಗೊತ್ತು. ನಿಜ-ಸುಳ್ಳೇ ಇಲ್ಲದ ಕಡೆ ತರ್ಕ ಹೇಗೆ ನಡೀತು? ನಾವು ದಿನಾ ಬರೆಯೋ ಕೋಡ್‌ನ ಅರ್ಧ ಸಾಲುಗಳು ಆಜ್ಞೆಗಳೇ. ಪ್ರಿಂಟ್ ಅನ್ನೋ ಸಾಲು ಟ್ರೂನಾ ಫಾಲ್ಸಾ ಅಂತ ಯಾರೂ ಕೇಳಲ್ಲ. ಆ ಪ್ರಶ್ನೆಯನ್ನ ಇಷ್ಟು ಮುಂಚೆ ಗಂಭೀರವಾಗಿ ತಗೊಂಡ ಕೆಲವೇ ಜನರಲ್ಲಿ ಇವರೊಬ್ಬರು.

ಪ್ರಬಂಧ ಬಂದ ವರ್ಷ ನೋಡಿದಿರಲ್ಲ, 1939. ಅದಕ್ಕೆ ಮೂರು ವರ್ಷ ಮೊದಲು, 1936ರ ಜೂನಲ್ಲಿ, ಶ್ಲಿಕ್ ಅವರನ್ನು ಹಳೇ ವಿದ್ಯಾರ್ಥಿಯೊಬ್ಬ ಯೂನಿವರ್ಸಿಟಿ ಮೆಟ್ಟಿಲ ಮೇಲೆ ಗುಂಡಿಟ್ಟು ಕೊಂದಿದ್ದ. 1938ರ ಮಾರ್ಚಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದರು. ಅದೇ ವರ್ಷ ರಾಂಡ್ ಪಿಎಚ್.ಡಿ ಮುಗಿಸಿದರು. 1939ರಲ್ಲಿ, ಫಿಲಾಸಫಿ ಪ್ರಾಧ್ಯಾಪಕಿ ಸೂಸನ್ ಸ್ಟೆಬಿಂಗ್ ಅವರ ನೆರವಿನಿಂದ, ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋದರು. ಅಲ್ಲಿ ನರ್ಸ್ ಕೆಲಸ. ಕೇಂಬ್ರಿಜ್‌ನಲ್ಲಿ ಸ್ವಲ್ಪ ಕಾಲ ಓದು. ಆಮೇಲೆ ಯುದ್ಧ ನಡೀತಿರೋವಾಗಲೇ ಲೋಹದ ಕಾರ್ಖಾನೆಯಲ್ಲಿ ದುಡಿಮೆ, ಸಂಜೆ ಲೂಟನ್, ಟಾಟನ್‌ಹ್ಯಾಮ್ ಟೆಕ್ನಿಕಲ್ ಕಾಲೇಜುಗಳಲ್ಲಿ ಜರ್ಮನ್ ಮತ್ತು ಸೈಕಾಲಜಿ ಪಾಠ. ಹಗಲೆಲ್ಲ ಕಾರ್ಖಾನೆಯಲ್ಲಿ ನಿಂತು ಬಂದ ಆ ಟೀಚರ್ ಗೋಡೆಲ್ ಜೊತೆ ಒಂದೇ ಸರ್ಕಲ್ಲಿಗೆ ಸೇರಿದವರು ಅಂತ ಆ ಟೆಕ್ನಿಕಲ್ ಕಾಲೇಜಿನ ಹುಡುಗರಿಗೆ ಗೊತ್ತಿತ್ತಾ?

ಯುದ್ಧದಲ್ಲಿ ಯಾರಿಗೆ ಸುಖ ಇತ್ತು ಅಂತ ನೀವು ಕೇಳಬಹುದು. ಸರಿ. ಆದರೆ ಅದೇ ರೂಮಿನ ಉಳಿದವರ ಕಥೆ ಪಕ್ಕದಲ್ಲಿಟ್ಟು ನೋಡಿ. ಕಾರ್ನಪ್ 1936ರಲ್ಲೇ ಶಿಕಾಗೋ ಯೂನಿವರ್ಸಿಟಿ ಸೇರಿದರು. ಫೈಗಲ್ ಅವರಿಗೆ ಅಮೆರಿಕದಲ್ಲಿ ಪ್ರೊಫೆಸರ್ ಹುದ್ದೆ. ಬರ್ಗ್‌ಮನ್ ನಿರಾಶ್ರಿತರಾಗಿ ಹೋದರೂ ಅಯೋವಾದಲ್ಲಿ ನೆಲೆ ಕಂಡರು. ಗೋಡೆಲ್ ಪ್ರಿನ್ಸ್‌ಟನ್. ರಾಂಡ್ 1954ರಲ್ಲಿ ಅಮೆರಿಕಕ್ಕೆ ಹೋದರು, ಅಲ್ಲಿಲ್ಲಿ ತಾತ್ಕಾಲಿಕ ಪಾಠ, ಅನುವಾದಕ್ಕೆ ಸಣ್ಣಪುಟ್ಟ ಅನುದಾನ. ಕಾಯಂ ಕೆಲಸ ಕೊನೇವರೆಗೂ ಇಲ್ಲ. ಹೆಂಗಸು, ಬಡವರು, ನಿರಾಶ್ರಿತೆ, ಇಷ್ಟೂ ಸೇರಿಕೊಂಡಿತ್ತು. ಅದರ ಮೇಲೆ, ಪ್ರಕಟಿಸಿದ್ದು ಸ್ವಲ್ಪ. ವಿಯೆನ್ನಾದ ಆ ವರ್ಷಗಳಲ್ಲಿ ಅವರ ಕೈ ಬರೆದದ್ದರಲ್ಲಿ ಎಷ್ಟೊಂದು ಇನ್ನೊಬ್ಬರ ಮಾತು! ಅರ್ಜಿ ಹಾಕೋವಾಗ ಮಿನಿಟ್ಸ್‌ನ ಪಬ್ಲಿಕೇಶನ್ ಅಂತ ಯಾರು ಲೆಕ್ಕಕ್ಕೆ ತಗೋತಾರೆ?

ಇದನ್ನೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಮೀಟಿಂಗ್‌ಗಳಿಗೆ ಬನ್ನಿ. ನಾನು ಹೋಗೋ ಒಂದು ಟೆಕ್ನಿಕಲ್ ಕ್ಲಬ್ ಇದೆ, ಹೆಸರು ಬೇಡ. ಹದಿನೆಂಟು ಜನ, ಅದರಲ್ಲಿ ನಾಲ್ಕು ಹುಡುಗಿಯರು. ಕಳೆದ ವರ್ಷ ಪೂರ್ತಿ ಮಿನಿಟ್ಸ್ ಬರೆದದ್ದು ಆ ನಾಲ್ಕರಲ್ಲಿ ಒಬ್ಬರು. ಕಾರಣ ಕೇಳಿದ್ರೆ "ನಿಮ್ಮ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ." ಬರೆಯೋದು ಲ್ಯಾಪ್‌ಟಾಪಲ್ಲಿ! ಲ್ಯಾಬ್‌ನಲ್ಲೂ ಇದೇ ಕಥೆ. ಬ್ಯಾಚಲ್ಲಿ ಕನೆಕ್ಷನ್ ಕೊಡೋನು ಹುಡುಗ, ರೀಡಿಂಗ್ ಬರ್ಕೊಳ್ಳೋಳು ಹುಡುಗಿ. ವೈವಾದಲ್ಲಿ ಕನೆಕ್ಷನ್ ಬಗ್ಗೆ ಕೇಳಿದಾಗ ಅವಳು ತಡವರಿಸಿದ್ರೆ, "ಓದ್ಕೊಂಡು ಬಂದಿಲ್ಲ." ಫೆಸ್ಟ್ ಮುಗಿದ ಮೇಲೆ ಸ್ಟೇಜ್ ಮೇಲೆ ಮಾತಾಡಿದವರ ಫೋಟೋ ಬರುತ್ತೆ, ರಿಪೋರ್ಟ್ ಬರೆದವರ ಹೆಸರು ರಿಪೋರ್ಟಲ್ಲೇ ಇರಲ್ಲ.

ಇದಕ್ಕೆ ಮೊನ್ನೆ ಒಬ್ಬ ಸೀನಿಯರ್ ಕೊಟ್ಟ ಪರಿಹಾರ: "ಮೀಟಿಂಗ್ ರೆಕಾರ್ಡ್ ಮಾಡಿ ಆ್ಯಪ್‌ಗೆ ಕೊಟ್ಬಿಡೋಣ, ಯಾರೂ ಬರೆಯೋದೇ ಬೇಡ." ನಾನು ಒಪ್ಪಲ್ಲ. ಆ್ಯಪ್ ಹೇಳಿದ್ದನ್ನ ಬರೆಯುತ್ತೆ, ಸಾರಾಂಶವನ್ನೂ ಕೊಡುತ್ತೆ, ನಯವಾಗಿ, ಎಲ್ಲರೂ ಒಪ್ಪಿದ ಹಾಗೆ. ಒಪ್ಪದೇ ಸುಮ್ಮನೆ ಕೂತವರು ಅದಕ್ಕೆ ಕಾಣಲ್ಲ. ಎದುರಿಗೆ ಕೂತು ಬರೆಯೋ ಮನುಷ್ಯರಿಗೆ ಮಾತ್ರ "ನೀನು ಇದಕ್ಕೆ ಹೌದಾ ಅಲ್ವಾ, ಗೊತ್ತಾಗಲಿಲ್ಲ, ಇನ್ನೊಂದ್ಸಲ ಹೇಳು" ಅಂತ ಕೇಳೋ ನಾಚಿಕೆಯಿಲ್ಲದ ಧೈರ್ಯ ಬರುತ್ತೆ.

ನಾನು ಕೇಳ್ತಿರೋದು ಮೂರು ಸಣ್ಣ ವಿಷಯ. ಮಿನಿಟ್ಸ್ ಬರೆಯೋದು ಸರದಿ ಪ್ರಕಾರ ಬರಲಿ, ಪ್ರೆಸಿಡೆಂಟಿಗೂ ಸರದಿ ಇರಲಿ. ಬರೆದವರ ಹೆಸರು ಮೇಲೆ ಇರಲಿ. ಜೊತೆಗೆ ಕೊನೆಯ ಹತ್ತು ನಿಮಿಷ ಬರೆದವರೇ ಮಾತಾಡಲಿ, ಯಾಕಂದ್ರೆ ಆ ಸಂಜೆ ಪೂರ್ತಿ ಎಲ್ಲರದ್ದನ್ನೂ ಕೇಳಿಸ್ಕೊಂಡವರು ಅವರೊಬ್ಬರೇ.

ರಾಂಡ್ 1980ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡರು. ಎರಡು ವರ್ಷ ಮೊದಲು ಗೋಡೆಲ್ ತೀರಿಕೊಂಡದ್ದೂ ಅದೇ ಊರಲ್ಲಿ. ಅವರ ಕಾಗದ ಪತ್ರ, ಟಿಪ್ಪಣಿ ಎಲ್ಲ ಈಗ ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಸಂಗ್ರಹದಲ್ಲಿವೆ. ಶ್ಲಿಕ್, ಕಾರ್ನಪ್, ನಾಯ್ರಾಟ್ ಆ ಗುರುವಾರಗಳಲ್ಲಿ ಏನು ಅಂದರು ಅಂತ ಬರೆಯೋರೆಲ್ಲ ರಾಂಡ್ ಬರೆದಿಟ್ಟ ಪುಟಗಳಿಗೇ ಬರ್ತಾರೆ.

ನಮ್ಮ ಮುಂದಿನ ಮೀಟಿಂಗ್ ಶುಕ್ರವಾರ ಐದಕ್ಕೆ. ನೀಲಿ, ಕೆಂಪು, ಹಸಿರು ಪೆನ್ನು ನಾನು ತರ್ತೀನಿ. ಬರೆಯೋಕೆ ಥರ್ಡ್ ಇಯರ್ ಅಣ್ಣಂದಿರಲ್ಲಿ ಯಾರಾದ್ರೂ ಮೊದಲೇ ಹೆಸರು ಕೊಡಿ.