ಒಂಬತ್ತು ಬೇಡ, ಹದಿನೈದು ಕೊಡಿ

ಮಕ್ಕಳೇ, ಬೈಂದೂರು, ಬ್ರಹ್ಮಾವರದ ಶಾಖೆಗಳಲ್ಲಿ ನಾನು ಗುಮಾಸ್ತನಾಗಿದ್ದಾಗ ಗಿರಾಕಿಗಳ ಕೈಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ನಂಬರ್ ಕೂಗಿದರೆ ಆ ನಂಬರಿನವರು ಮಾತ್ರ ಎದ್ದು ಬರಬೇಕು. ಕಂಪ್ಯೂಟರಿನೊಳಗೂ ಹೀಗೆಯೇ ಎಂದು ರಜೆಗೆ ಕುಂದಾಪುರಕ್ಕೆ ಬಂದ ಮೊಮ್ಮಗ ಹೇಳಿಕೊಟ್ಟ.

ಅಲ್ಲಿ ನಡೆಯುತ್ತಿರುವ ಪ್ರತಿ ಪ್ರೋಗ್ರಾಮಿಗೆ ‘ಪ್ರೊಸೆಸ್’ ಎಂದು ಹೆಸರು. ಒಂದೊಂದಕ್ಕೂ ಒಂದು ನಂಬರ್. ಒಂದು ಪ್ರೊಸೆಸ್ ಇನ್ನೊಂದಕ್ಕೆ ‘ಸಿಗ್ನಲ್’ ಕಳಿಸಬಹುದು. ಅದರಲ್ಲಿ ಪತ್ರವಿಲ್ಲ, ಮಾತಿಲ್ಲ. ಶಾಲೆಯ ಗಂಟೆಯಂತೆ, ಬರೀ ಒಂದು ಸಂಖ್ಯೆ. ಪೈಥಾನ್ ಭಾಷೆಯಲ್ಲಿ ಅದನ್ನು ಕಳಿಸುವ ಆಜ್ಞೆಯ ಹೆಸರು ‘ಕಿಲ್’! ನಾನು ಬೆಚ್ಚಿದೆ.

“ಅಜ್ಜ, ಎಲ್ಲ ಸಲ ಕೊಲ್ಲುದಲ್ಲ, ಸುದ್ದಿ ಮುಟ್ಸುದ್ ಅಷ್ಟೆ” ಎಂದ.

ಲಿನಕ್ಸ್‌ನಲ್ಲಿ 15 ಎಂದರೆ ‘ದಯವಿಟ್ಟು ಮುಗಿಸು’. ಹೇಗೆ ಮುಗಿಸಬೇಕೆಂದು ಮೊದಲೇ ಕಲಿಸಿಟ್ಟಿದ್ದರೆ, ಪ್ರೋಗ್ರಾಮು ಉಳಿದದ್ದನ್ನು ಬರೆದು, ಕಡತ ಮುಚ್ಚಿ ಹೊರಡುತ್ತದೆ. 9 ಹಾಗಲ್ಲ. ಅದನ್ನು ತಡೆಯಲು ಯಾವ ಪ್ರೋಗ್ರಾಮಿಗೂ ಆಗದು. ಕೂತಲ್ಲೇ ಖಲಾಸ್!

ನನ್ನ ಮನೆಖರ್ಚಿನ ಲೆಕ್ಕ ಬರೆಯುತ್ತಿದ್ದ ಪ್ರೋಗ್ರಾಮಿಗೆ ಅವನು 9 ಕಳಿಸಿ ತೋರಿಸಿದ. ಕೊನೆಗೆ ಬರೆಸಿದ್ದ ತರಕಾರಿ, ತೆಂಗಿನಕಾಯಿ ಲೆಕ್ಕ ಡಿಸ್ಕ್ ಸೇರುವ ಮೊದಲೇ ಮಾಯ. ಮತ್ತೆ ಬರೆಸಿ, ಮುಗಿಸುವ ಕ್ರಮ ಕಲಿಸಿ 15 ಕಳಿಸಿದ. ಪೈಸೆ ಪೈಸೆ ಉಳಿಯಿತು.

ಅದೇ ವಾರ ನನ್ನ ಮಗ ಒಂದು ಮಾತೂ ಹೇಳದೆ ನನ್ನ ಸ್ಕೂಟರಿನ ಕೀಲಿ ಅಡಗಿಸಿಟ್ಟಿದ್ದ. ಎರಡು ಸಲ ಕಾಂಪೌಂಡ್ ಗೋಡೆಗೆ ಗುದ್ದಿದ್ದೆ. ಅವನ ಹೆದರಿಕೆ ಸುಳ್ಳಲ್ಲ. ಆದರೂ ಎರಡು ದಿನ ನಾನು ಯಾರೊಡನೆಯೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮೊಮ್ಮಗನೇ ಬಾಯಿಬಿಟ್ಟ: “ಅಪ್ಪ, ನೀನು ಅಜ್ಜನಿಗೆ 9 ಕಳಿಸಿದೆ. 15 ಕಳಿಸ್ಬೇಕಿತ್ತು.”

ಮಗ ತುಂಬ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದ. ಮರುದಿನ ಬೆಳಿಗ್ಗೆ ಕೀಲಿ ಮೇಜಿನ ಮೇಲಿತ್ತು. ಅವನನ್ನು ಹಿಂದೆ ಕೂರಿಸಿಕೊಂಡು ಶಾಸ್ತ್ರಿ ಸರ್ಕಲ್ ತನಕ ನಿಧಾನವಾಗಿ ಹೋಗಿ ಬಂದೆ. ಗಾಡಿ ಒರೆಸಿ, ನಿಲ್ಲಿಸಿ, ಕೀಲಿಯನ್ನು ನಾನೇ ಅವನ ಕೈಗಿಟ್ಟೆ. ಸಂಜೆ ಕ್ಯಾಶ್ ಟ್ಯಾಲಿಯಾದಾಗ ಆಗುತ್ತಿದ್ದ ಸಮಾಧಾನವೇ ಆಯಿತು.

ಹಿರಿಯರಿಂದ ಏನಾದರೂ ಬಿಡಿಸಬೇಕೆಂದಿದ್ದರೆ, ಲೆಕ್ಕ ಮುಗಿಸಲು ಸ್ವಲ್ಪ ಸಮಯ ಕೊಡಿ. ಮಕ್ಕಳೇ, “ಆಟ ಸಾಕು, ಬನ್ನಿ” ಎಂದು ಅಜ್ಜಿ ಕರೆಯುತ್ತಾರಲ್ಲ, ಅದು 15. ಅಷ್ಟಕ್ಕೇ ಎದ್ದು ಬನ್ನಿ. ಅಜ್ಜಿಯ ಹತ್ತಿರವೂ ಒಂದು 9 ಇರುತ್ತದೆ!