ಹಬ್ಬಕ್ಕೆ ಚಂದ್ರ, ಹಿತ್ತಲಿಗೆ ಸೂರ್ಯ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಗಡಹಿಂಗ್ಲಜ ಭಾಗದ ನಮ್ಮ ಮನೆಗಳಲ್ಲಿ ಹಿತ್ತಲಿನ ಮಾತು ಶುರುವಾಗುತ್ತದೆ. ಬೆಂಡೆ ಯಾವಾಗ ಊರಬೇಕೆಂದು ಕೇಳಿದರೆ ಹಿರಿಯರ ಕಣ್ಣು ಗೋಡೆಯ ಮೇಲಿನ ಕಾಲನಿರ್ಣಯದ ಕಡೆಗೆ. ಅಮವಾಸ್ಯೆ ದಾಟಲಿ, ಪಾಡ್ಯ ಬರಲಿ. ಬೆಳೆಯುವ ಚಂದ್ರನಲ್ಲಿ ಊರಿದ್ದು ಮೇಲೇಳುತ್ತದೆ, ಕರಗುವ ಚಂದ್ರನಲ್ಲಿ ಗಡ್ಡೆ ಇಳಿಯುತ್ತದೆ ಎಂಬುದು ಅವರ ಲೆಕ್ಕ.

ಇದನ್ನು ನಗೆಯಾಡಲು ನಾವು ಹೊರಟಿಲ್ಲ. ನಮ್ಮ ಪಾಸ್ಕ ಹಬ್ಬವೂ ಚಂದ್ರನನ್ನು ನೋಡಿಯೇ ಬರುತ್ತದೆ: ಮಾರ್ಚ್ 21ರಂದು ಅಥವಾ ಆಮೇಲೆ ಬೀಳುವ ಹುಣ್ಣಿಮೆಯ ಮುಂದಿನ ಭಾನುವಾರ. ಆದರೆ ಚಾಂದ್ರ ವರ್ಷ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಆದ್ದರಿಂದಲೇ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂದರೆ 2025ರಲ್ಲಿ ಮಾರ್ಚ್ 30ಕ್ಕೇ ಬಂತು. ಹಬ್ಬ ಹಿಂದೆಮುಂದೆ ಆದರೆ ನಡೆಯುತ್ತದೆ. ಬಿಸಿಲು ಪಾಡ್ಯಕ್ಕಾಗಿ ಕಾಯುವುದಿಲ್ಲ.

ಹಿರಿಯರಿಗೂ ಇದು ಗೊತ್ತಿತ್ತು. ಮಳೆಯ ಲೆಕ್ಕವನ್ನು ಅವರು ತಿಥಿಯಿಂದ ಹಾಕಲಿಲ್ಲ. ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುವುದೇ ಮಿರಗ. ಅದು ಪ್ರತಿ ವರ್ಷ ಜೂನ್ 7-8ರ ಹೊತ್ತಿಗೇ ಕೂಡುತ್ತದೆ. ಹೊಲಕ್ಕೆ ಸೂರ್ಯನನ್ನು ನಂಬಿದವರು ಹಿತ್ತಲಿಗೆ ಚಂದ್ರನನ್ನು ಏಕೆ ಕಾಯಬೇಕು? ಹುಣ್ಣಿಮೆಯ ಬೆಳಕು ಬಿಸಿಲಿನ ನಾಲ್ಕು ಲಕ್ಷದಲ್ಲಿ ಸುಮಾರು ಒಂದು ಪಾಲು. ಬೀಜ ಮೊಳೆಯುವುದು ಮಣ್ಣಿನ ಹಸಿ ಮತ್ತು ಕಾವಿನಿಂದ.

ಒಂದು ವರ್ಷ ನಾವೂ ಪಾಡ್ಯವಾಗಲೆಂದು ಬೆಂಡೆ, ಹೀರೆ ಊರುವುದನ್ನು ತಡಮಾಡಿದೆವು. ಗಿಡ ಹೂವಿಗೆ ಬರುವಷ್ಟರಲ್ಲಿ ಬಾವಿ ತಳ ಕಂಡಿತು. ಆ ಬೇಸಿಗೆಯೆಲ್ಲ ಮಕ್ಕಳಿಗೆ ಬೇಳೆಸಾರೇ ಗತಿ.

ಆದ್ದರಿಂದ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿರಿ. ಉಂಡೆಯಾಗಿ, ಬೆರಳು ತಗುಲಿದರೆ ಒಡೆಯುವಂತಿದ್ದರೆ ಅದೇ ಮುಹೂರ್ತ. ಬೆಂಡೆ ಬೀಜವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಊರಿರಿ. ಕಳಿತ ತಿಪ್ಪೆಗೊಬ್ಬರ ಕೊಡಿರಿ. ಕಬ್ಬಿನ ರವದಿಯನ್ನು ಸುಡುವ ಚಟ ಬಿಟ್ಟು ಮಡಿಗಳಿಗೆ ಹೊದಿಸಿರಿ. ಹಸಿ ಉಳಿಯುತ್ತದೆ, ಹೊಗೆಯೂ ತಪ್ಪುತ್ತದೆ. ನೀರು ಬಿಸಿಲೇರುವ ಮೊದಲೇ ಆಗಲಿ. ಬಚ್ಚಲ ನೀರು ನಿಂತು ಸೊಳ್ಳೆಯಾಗುವ ಬದಲು ಬಾಳೆ, ನುಗ್ಗೆಯ ಬುಡಕ್ಕೆ ಹರಿಯಲಿ. ನುಗ್ಗೆಸೊಪ್ಪು, ರಾಜಗಿರಿ ಮನೆಯಲ್ಲಿದ್ದರೆ ಮಕ್ಕಳ ಕಣ್ಣಿಗೆ ಬೇಕಾದ ಎ ಜೀವಸತ್ವ ಅಂಗಳದಲ್ಲೇ ಸಿಗುತ್ತದೆ.

ಅಮವಾಸ್ಯೆಗೆ ಎತ್ತು ಹೂಡದ ಪದ್ಧತಿ ಮಾತ್ರ ಇರಲಿ. ತಿಂಗಳಿಗೊಂದು ದಿನ ಎತ್ತಿಗೂ ಹೂಡುವವನಿಗೂ ಬಿಡುವು ಬೇಕು. ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಹಿತ್ತಲೇ ಇಲ್ಲದವರು ತೂತು ಮಾಡಿದ ಹಳೆಯ ಡಬ್ಬಿಯಲ್ಲಿ ಮೆಂತ್ಯ ಚೆಲ್ಲಿ, ಮಧ್ಯಾಹ್ನದ ಬಿಸಿಲಿಗೆ ನೆರಳು ಮಾಡಲಿ. ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ, ಚಂದ್ರ ಯಾವ ಕಡೆಗಿದ್ದರೂ.