ನೋಂದಣಿಯೋ, ಅಪ್ಪಣೆಯೋ? ಪತ್ರಿಕಾ ಸ್ವಾತಂತ್ರ್ಯದ ಒರೆಗಲ್ಲು

ಪತ್ರಿಕೆಯೊಂದನ್ನು ಹೊರಡಿಸುವವರು ಸರ್ಕಾರಕ್ಕೆ ತಿಳಿಸುವುದು ಬೇರೆ, ಸರ್ಕಾರದ ಅಪ್ಪಣೆ ಬೇಡುವುದು ಬೇರೆ. ಮೊದಲನೆಯದು ನೋಂದಣಿ, ಎರಡನೆಯದು ಪರವಾನಗಿ. ಎರಡಕ್ಕೂ ಅರ್ಜಿಯಿದೆ, ಮೊಹರಿದೆ. ಆದರೆ ಒಂದರಲ್ಲಿ ಪ್ರಜೆಯ ಹಕ್ಕು ದಾಖಲಾಗುತ್ತದೆ, ಇನ್ನೊಂದರಲ್ಲಿ ಅಧಿಕಾರಿಯ ಇಚ್ಛೆ ನೆರವೇರುತ್ತದೆ. 1867ರ ಹಳೆಯ ಕಾಯ್ದೆಯ ಸ್ಥಾನದಲ್ಲಿ 2023ರ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯು 2024ರ ಮಾರ್ಚ್ 1ರಿಂದ ಜಾರಿಗೆ ಬಂದಿರುವ ಈ ಕಾಲದಲ್ಲಿ ಈ ವ್ಯತ್ಯಾಸವನ್ನು ನಾವೆಲ್ಲರೂ ಅರಿಯುವುದು ಅವಶ್ಯ.

ಭಾರತದಲ್ಲಿ ಪರವಾನಗಿಯ ಇತಿಹಾಸ ದೀರ್ಘವಾದುದು. 1823ರಲ್ಲಿ ಹಂಗಾಮಿ ಗವರ್ನರ್ ಜನರಲ್ ಜಾನ್ ಆಡಮ್, ಪರವಾನಗಿಯಿಲ್ಲದೆ ಪತ್ರಿಕೆ ನಡೆಸಕೂಡದೆಂದು ವಿಧಿಸಿದನು. ರಾಜಾ ರಾಮಮೋಹನ ರಾಯರು ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು. ಅದು ಫಲಿಸದಿದ್ದಾಗ ತಮ್ಮ ಪಾರಸಿ ಪತ್ರಿಕೆ ‘ಮಿರಾತ್-ಉಲ್-ಅಖ್ಬಾರ್’ ಅನ್ನು ತಾವೇ ನಿಲ್ಲಿಸಿದರು. 1835ರಲ್ಲಿ ಮೆಟ್‌ಕಾಫ್ ಆ ನಿಯಮವನ್ನು ರದ್ದುಪಡಿಸಿ, ಮುದ್ರಕನೂ ಪ್ರಕಾಶಕನೂ ತಮ್ಮ ಮುದ್ರಣದ ಸ್ಥಳವನ್ನು ಘೋಷಿಸಿದರೆ ಸಾಕೆಂದನು. 1857ರ ದಂಗೆಯ ಭೀತಿಯಲ್ಲಿ ಪರವಾನಗಿ ಒಂದು ವರ್ಷದ ಮಟ್ಟಿಗೆ ಮರಳಿತು. ಆಳುವವರಿಗೆ ಅಂಜಿಕೆ ಹುಟ್ಟಿದಾಗಲೆಲ್ಲ ಪರವಾನಗಿ ತಲೆಯೆತ್ತಿರುವುದನ್ನು ಇಲ್ಲಿ ಗಮನಿಸಬೇಕು.

ಈ ಅಂಜಿಕೆ ಪರಕೀಯರಿಗೆ ಮಾತ್ರ ಸೀಮಿತವಾಗಿರಲಿಲ್ಲ. 1908ರಲ್ಲಿ, ದಿವಾನ್ ವಿ.ಪಿ. ಮಾಧವರಾಯರ ಆಡಳಿತದಲ್ಲಿ, ಮೈಸೂರು ಸಂಸ್ಥಾನವು ಪತ್ರಿಕೆಗಳಿಗೆ ಸರ್ಕಾರದ ಅನುಮತಿಯನ್ನು ಕಡ್ಡಾಯಗೊಳಿಸುವ ಕಾನೂನನ್ನು ತಂದಿತು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿ ಹೆಸರಾಗಿದ್ದ, ಜನರು ‘ತಾತಯ್ಯ’ ಎಂದೇ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಅನುಮತಿ ಕೇಳಿದ್ದರೆ ಅವರಂಥ ಹಿರಿಯರಿಗೆ ಬಹುಶಃ ದೊರೆಯುತ್ತಿತ್ತು. ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳಬಲ್ಲ ಕೈಯ ಕೆಳಗೆ ಬರೆಯುವವನು, ಯಾರೂ ತಡೆಯುವ ಮೊದಲೇ ತನ್ನನ್ನು ತಾನು ತಡೆದುಕೊಳ್ಳುತ್ತಾನೆ. ಪರವಾನಗಿಯ ನಿಜವಾದ ಹಾನಿ ಇದೇ. ರದ್ದಾದ ಪತ್ರಿಕೆಗಳನ್ನು ಎಣಿಸಬಹುದು. ಭಯದಿಂದ ಬರೆಯದೇ ಉಳಿದ ಸತ್ಯಗಳನ್ನು ಎಣಿಸಲಾಗದು.

ಇನ್ನು ಹೊಸ ಕಾಯ್ದೆಯ ಮಾತು. ಅದರಲ್ಲಿ ಒಳಿತಿಲ್ಲವೆಂದು ಹೇಳುವುದು ನ್ಯಾಯವಲ್ಲ. ಜಿಲ್ಲಾಧಿಕಾರಿಯ ಮುಂದೆ ಘೋಷಣೆ ಸಲ್ಲಿಸುವ ಹಳೆಯ ಕ್ರಮ ಹೋಗಿ, ಆನ್‌ಲೈನ್ ಅರ್ಜಿ ಬಂದಿದೆ. ಹಲವು ತಪ್ಪುಗಳಿಗಿದ್ದ ಸೆರೆವಾಸದ ಬದಲು ದಂಡವನ್ನು ವಿಧಿಸಲಾಗಿದೆ. ಮೇಲ್ಮನವಿಯನ್ನು ಆಲಿಸಲು ಭಾರತೀಯ ಪತ್ರಿಕಾ ಮಂಡಳಿಯ ಅಧ್ಯಕ್ಷರ ನೇತೃತ್ವದ ಮಂಡಳಿಯಿದೆ. ಆದರೂ ಎರಡು ಅಂಶಗಳು ಚಿಂತನಾರ್ಹ. ದೇಶದ ಭದ್ರತೆಗೆ ವಿರುದ್ಧವಾದ ಕೃತ್ಯ ಎಂಬ ವಿಶಾಲವಾದ ಮಾತು, ಪತ್ರಿಕೆ ಹೊರಡಿಸಲು ಅನರ್ಹಗೊಳಿಸುವ ಕಾರಣಗಳಲ್ಲಿ ಸೇರಿದೆ. ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅಥವಾ ಅವರು ಅಧಿಕಾರ ನೀಡಿದ ಗೆಜೆಟೆಡ್ ಅಧಿಕಾರಿಯು ಪತ್ರಿಕಾ ಕಾರ್ಯಾಲಯವನ್ನು ಪ್ರವೇಶಿಸಿ ದಾಖಲೆಗಳನ್ನು ಪರಿಶೀಲಿಸಬಹುದು. ದೊಡ್ಡ ಪತ್ರಿಕೆಗೆ ವಕೀಲರ ಬಲವಿದೆ. ಸಂಪಾದಕ, ವರದಿಗಾರ, ಲೆಕ್ಕಿಗ ಎಲ್ಲವೂ ಒಬ್ಬರೇ ಆಗಿರುವ ತಾಲ್ಲೂಕಿನ ವಾರಪತ್ರಿಕೆಗೆ ಒಂದು ನೋಟಿಸೇ ಸಾಕು, ಕೆರೆಯ ಒತ್ತುವರಿಯ ಸುದ್ದಿ ಒಳಪುಟದಿಂದಲೂ ಮರೆಯಾಗಬಹುದು.

ಕೇವಲ ಆಡಳಿತಾತ್ಮಕವೆಂದು ತೋರುವ ನಿಯಮವೂ ಸ್ವಾತಂತ್ರ್ಯವನ್ನು ಮೊಟಕುಗೊಳಿಸಬಲ್ಲದೆಂಬುದನ್ನು ನ್ಯಾಯಾಲಯವೇ ಗುರುತಿಸಿದೆ. ಪತ್ರಿಕೆಗಳ ಪುಟಗಳನ್ನು ಹತ್ತಕ್ಕೆ ಮಿತಿಗೊಳಿಸಿದ್ದ ಕಾಗದ ಹಂಚಿಕೆಯ ನೀತಿಯನ್ನು ಸುಪ್ರೀಂ ಕೋರ್ಟ್ 1972ರ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ಅಸಿಂಧುಗೊಳಿಸಿತು.

ಸುಳ್ಳು ಸುದ್ದಿ, ಬೆದರಿಕೆಯ ಪತ್ರಿಕೋದ್ಯಮ ಇಂದು ಸಮಾಜವನ್ನು ಬಾಧಿಸುತ್ತಿರುವುದು ನಿಜ. ಅದಕ್ಕೆ ಮಾನಹಾನಿಯ ಕಾನೂನಿದೆ, ನ್ಯಾಯಾಲಯವಿದೆ, ಎಲ್ಲಕ್ಕಿಂತ ಮಿಗಿಲಾಗಿ ಓದುಗರ ವಿವೇಕವಿದೆ. ಬರೆದ ತಪ್ಪಿಗೆ ಬರೆದ ನಂತರ ಉತ್ತರ ಹೇಳಿಸುವುದು ನ್ಯಾಯ. ಬರೆಯುವ ಮೊದಲೇ ಬಾಯಿ ಕಟ್ಟುವುದು ಅನ್ಯಾಯ. ಆದ್ದರಿಂದ ಯಾವುದೇ ಪತ್ರಿಕಾ ಕಾನೂನು ಬಂದಾಗಲೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲವೆನ್ನುವ ಅಧಿಕಾರ ಯಾರಿಗಿದೆ, ಯಾವ ಕಾರಣಕ್ಕಾಗಿ ಇದೆ? ಆ ಕಾರಣ ಸ್ಪಷ್ಟವಾಗಿದ್ದರೆ ಅದು ನೋಂದಣಿ. ಅಸ್ಪಷ್ಟವಾಗಿದ್ದರೆ, ಹೆಸರು ಏನೇ ಇರಲಿ, ಅದು ಅಪ್ಪಣೆಯೇ.